ಜೇಬಿಗೆ ಆಟ ಇಳಿಸಿದ ಮೆಂಟೆನೆನ್ಸ್ ಎಂಜಿನಿಯರ್

ಎಂಜಿನಿಯರಿಂಗ್ ಮುಗಿಸಿದವರಿಗೆಲ್ಲ ಮೊದಲ ಕೆಲಸವೇ ಕನಸಿನ ಕೆಲಸವಾಗಿರುವುದಿಲ್ಲ. ಗುನ್‌ಪೇ ಯೊಕೊಯಿ ಅವರಿಗೂ ಹಾಗೇ ಆಯಿತು. 1941ರಲ್ಲಿ ಜಪಾನಿನ ಕ್ಯೋಟೊದಲ್ಲಿ ಹುಟ್ಟಿ, ಅಲ್ಲಿನ ದೋಶಿಶಾ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಾನಿಕ್ಸ್ ಓದಿದ ಅವರನ್ನು ದೊಡ್ಡ ಕಂಪನಿಗಳು ತೆಗೆದುಕೊಳ್ಳಲಿಲ್ಲ. 1965ರಲ್ಲಿ ಅವರು ಸೇರಿದ್ದು ಅದೇ ಊರಿನ ಇಸ್ಪೀಟೆಲೆ ಕಂಪನಿಗೆ. ಎಲೆ ತಯಾರಿಸುವ ಯಂತ್ರಗಳು ಕೆಡದಂತೆ ನೋಡಿಕೊಳ್ಳುವುದೇ ಕೆಲಸ. ಆ ಕಂಪನಿಯ ಹೆಸರು ನಿಂಟೆಂಡೊ.

ಯಂತ್ರಗಳು ಸರಿಯಿದ್ದಾಗ ಮಾಡಲು ಹೆಚ್ಚೇನೂ ಇರುತ್ತಿರಲಿಲ್ಲ. ಹೊತ್ತು ಕಳೆಯಲು ಯೊಕೊಯಿ ಪಟ್ಟಿಗಳನ್ನು ಕತ್ತರಿಯಂತೆ ಜೋಡಿಸಿ, ಹಿಡಿ ಒತ್ತಿದರೆ ಉದ್ದಕ್ಕೆ ಚಾಚಿ ದೂರದ ವಸ್ತುವನ್ನು ಹಿಡಿಯುವ ಆಟಿಕೆಯೊಂದನ್ನು ಮಾಡಿಕೊಂಡರು. ಒಂದು ದಿನ ಅದು ಕಂಪನಿಯ ಅಧ್ಯಕ್ಷ ಹಿರೋಷಿ ಯಮೌಚಿ ಅವರ ಕಣ್ಣಿಗೆ ಬಿತ್ತು. ಕೆಲಸದ ಹೊತ್ತಿನಲ್ಲಿ ಆಟವಾಡಿದ್ದಕ್ಕೆ ಬೈಗುಳ ಕಾದಿದೆ ಎಂದುಕೊಂಡಿದ್ದರೆ, ಸಿಕ್ಕಿದ್ದು ಅದನ್ನೇ ಮಾರಾಟಕ್ಕೆ ತಯಾರು ಮಾಡುವ ಅಪ್ಪಣೆ! 1966ರಲ್ಲಿ ‘ಅಲ್ಟ್ರಾ ಹ್ಯಾಂಡ್’ ಹೆಸರಿನಲ್ಲಿ ಬಂದ ಆ ಆಟಿಕೆ ಹತ್ತು ಲಕ್ಷಕ್ಕೂ ಹೆಚ್ಚು ಖರ್ಚಾಯಿತು. ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದವರು ಆಟಿಕೆ ವಿನ್ಯಾಸಕರಾದರು.

ಮುಂದಿನ ತಿರುವು ಬುಲೆಟ್ ರೈಲಿನಲ್ಲಿ ಸಿಕ್ಕಿತು. ಬೇಸರಗೊಂಡ ಪ್ರಯಾಣಿಕರೊಬ್ಬರು ಕ್ಯಾಲ್ಕುಲೇಟರಿನ ಗುಂಡಿಗಳನ್ನು ಸುಮ್ಮನೆ ಒತ್ತುತ್ತಾ ಕೂತಿದ್ದನ್ನು ಯೊಕೊಯಿ ಗಮನಿಸಿದರು. ಕೈಯೊಳಗೆ ಅಡಗುವಷ್ಟು ಚಿಕ್ಕ ಆಟದ ಯಂತ್ರವಿದ್ದರೆ ದೊಡ್ಡವರೂ ನಾಚಿಕೆಯಿಲ್ಲದೆ ಆಡಬಹುದಲ್ಲ ಎನ್ನಿಸಿತು. ಚಾಲಕ ಬಾರದಿದ್ದ ಒಂದು ದಿನ ಅಧ್ಯಕ್ಷರ ಕಾರು ಓಡಿಸುವ ಪಾಳಿ ಇವರಿಗೆ ಬಂತು. ದಾರಿಯಲ್ಲಿ ಮಾತಿಗೆ ಮಾತು ಬಂದು ಈ ಯೋಚನೆಯನ್ನು ಹೇಳಿದರು. ಕೆಲವೇ ದಿನಗಳಲ್ಲಿ ಶಾರ್ಪ್ ಕಂಪನಿಯವರು ಮಾತುಕತೆಗೆ ಬಂದರು. ಆಗ ಕ್ಯಾಲ್ಕುಲೇಟರ್ ಕಂಪನಿಗಳ ಪೈಪೋಟಿಯಿಂದ ಎಲ್‌ಸಿಡಿ ಪರದೆ ಮತ್ತು ಚಿಪ್‌ಗಳು ಅಗ್ಗವಾಗಿದ್ದವು. ಅವುಗಳಿಂದಲೇ 1980ರಲ್ಲಿ ‘ಗೇಮ್ ಅಂಡ್ ವಾಚ್’ ಹುಟ್ಟಿತು. ಆ ಸರಣಿಯ 4.34 ಕೋಟಿ ಯಂತ್ರಗಳು ಮಾರಾಟವಾದವು. 1982ರ ‘ಡಾಂಕಿ ಕಾಂಗ್’ ಆವೃತ್ತಿಗೆ, ಜೇಬಿನಲ್ಲಿ ಚುಚ್ಚುವ ಕೋಲಿನ ಬದಲು ಪ್ಲಸ್ ಗುರುತಿನ ಚಪ್ಪಟೆ ಗುಂಡಿಯನ್ನು ಯೊಕೊಯಿ ಕೂರಿಸಿದರು. ಇಂದು ಯಾವುದೇ ಗೇಮ್ ಕಂಟ್ರೋಲರ್ ಕೈಗೆತ್ತಿಕೊಂಡರೂ ಹೆಬ್ಬೆರಳು ಅದನ್ನೇ ಹುಡುಕುತ್ತದೆ.

ಬಳಸಿ ಬಳಸಿ ಹಳತಾದ, ಅಗ್ಗವಾದ, ಎಲ್ಲರಿಗೂ ಗೊತ್ತಿರುವ ತಂತ್ರಜ್ಞಾನವನ್ನು ಯಾರೂ ಯೋಚಿಸದ ಕಡೆ ಬಳಸಬೇಕು ಎನ್ನುವುದು ಅವರ ನಂಬಿಕೆಯಾಗಿತ್ತು. ಅದರ ನಿಜವಾದ ಪರೀಕ್ಷೆ ನಡೆದದ್ದು 1989ರಲ್ಲಿ, ‘ಗೇಮ್ ಬಾಯ್’ ಬಂದಾಗ. ಪರದೆಯಲ್ಲಿ ಬಣ್ಣವಿಲ್ಲ, ಹಿಂಬದಿಯ ಬೆಳಕೂ ಇಲ್ಲ. ಅಟಾರಿ ಮತ್ತು ಸೆಗಾ ಬಣ್ಣದ ಪರದೆಯೊಂದಿಗೆ ಪೈಪೋಟಿಗೆ ಇಳಿದವು. ಆದರೆ ಅವರ ಯಂತ್ರಗಳು ಆರು ಪೆನ್ಸಿಲ್ ಸೆಲ್ ನುಂಗಿ ಕೆಲವೇ ಗಂಟೆಗಳಲ್ಲಿ ಮಲಗುತ್ತಿದ್ದವು. ಗೇಮ್ ಬಾಯ್ ನಾಲ್ಕೇ ಸೆಲ್‌ಗಳಲ್ಲಿ ಹತ್ತು ಗಂಟೆಗೂ ಹೆಚ್ಚು ಓಡುತ್ತಿತ್ತು. ಬೆಲೆಯೂ ಕಡಿಮೆ.

ಅದೇ ವರ್ಷ ಬಂದ ‘ಟೆನಿಸ್’ ಆಟದಲ್ಲಿ ಅಂಪೈರ್ ಕುರ್ಚಿಯ ಮೇಲೆ ಕೂತಿದ್ದವನು ಸಾಕ್ಷಾತ್ ಮಾರಿಯೊ! ‘ಬೇಸ್‌ಬಾಲ್’ನಲ್ಲಿ ಮಾರಿಯೊ ಜೊತೆಗೆ ತಮ್ಮ ಲೂಯಿಜಿಯೂ ಮೈದಾನಕ್ಕಿಳಿದ. ಎರಡು ಗೇಮ್ ಬಾಯ್‌ಗಳಿಗೆ ಒಂದು ವೈರ್ ಸಿಕ್ಕಿಸಿದರೆ ಗೆಳೆಯರಿಬ್ಬರು ಎದುರಾಳಿಗಳಾಗಬಹುದಿತ್ತು. ಬಣ್ಣವಿಲ್ಲ ಎಂದು ಯಾರೂ ಆಟ ಬಿಟ್ಟು ಏಳಲಿಲ್ಲ. ಮುಂದೆ ಬಂದ ‘ಕಲರ್’ ಮಾದರಿಯೂ ಸೇರಿ ಸುಮಾರು 11.87 ಕೋಟಿ ಗೇಮ್ ಬಾಯ್‌ಗಳು ಮಾರಾಟವಾದವು. ನಮ್ಮೂರ ಜಾತ್ರೆಗಳಲ್ಲಿ ಸಿಗುತ್ತಿದ್ದ, ಬೀಳುವ ಇಟ್ಟಿಗೆಗಳನ್ನು ಜೋಡಿಸುವ ‘ಬ್ರಿಕ್ ಗೇಮ್’ ನೆನಪಿದೆಯೇ? ಅಗ್ಗದ ಎಲ್‌ಸಿಡಿ, ಎರಡು ಸೆಲ್, ನಾಲ್ಕಾರು ಗುಂಡಿ. ಅದೂ ಯೊಕೊಯಿ ತೆರೆದ ಹಾದಿಯಲ್ಲೇ ಬಂದದ್ದು.

ಸೋಲು ಅವರನ್ನೂ ಬಿಡಲಿಲ್ಲ. 1995ರ ‘ವರ್ಚುವಲ್ ಬಾಯ್’ ಕಣ್ಣಿಗೆ ಆನಿಸಿಕೊಂಡು ನೋಡಬೇಕಾದ ತ್ರೀಡಿ ಯಂತ್ರ. ಇಲ್ಲೂ ಅಗ್ಗದ ಕೆಂಪು ಎಲ್‌ಇಡಿಗಳನ್ನೇ ಬಳಸಿದ್ದರು. ಮಾರಿಯೊ ಇಲ್ಲೂ ಟೆನಿಸ್ ಆಡಿದ. ಆದರೆ ಮೇಜಿನ ಮೇಲಿಟ್ಟು ಬಗ್ಗಿ ನೋಡುವವರಿಗೆ ಕಣ್ಣು ಸೋಲುತ್ತಿತ್ತು, ತಲೆ ಸಿಡಿಯುತ್ತಿತ್ತು. ಏಳೂವರೆ ಲಕ್ಷದ ಆಸುಪಾಸಿನಲ್ಲೇ ಮಾರಾಟ ನಿಂತಿತು. ಅಗ್ಗವಾಗಿದ್ದರಷ್ಟೇ ಸಾಲದು, ಆಡುವವರ ಮೈಗೆ ಒಗ್ಗಬೇಕು ಎಂಬುದನ್ನು ಈ ಯಂತ್ರ ತೋರಿಸಿಕೊಟ್ಟಿತು. ಯೊಕೊಯಿ ಕೈಚೆಲ್ಲಿ ಕೂರಲಿಲ್ಲ. ಗೇಮ್ ಬಾಯ್‌ನ ತೆಳು ರೂಪವಾದ ‘ಪಾಕೆಟ್’ ಹೊರತಂದು, 1996ರ ಆಗಸ್ಟ್‌ನಲ್ಲಿ, ಮೂರು ದಶಕ ದುಡಿದ ನಿಂಟೆಂಡೊ ಬಿಟ್ಟು ಕ್ಯೋಟೊದಲ್ಲೇ ಸ್ವಂತ ಕಂಪನಿ ಕಟ್ಟಿದರು. ಬಂಡಾಯ್ ಕಂಪನಿಗಾಗಿ ಹೊಸ ಯಂತ್ರದ ಕೆಲಸ ಶುರುವಾಯಿತು.

1997ರ ಅಕ್ಟೋಬರ್ 4. ಇಶಿಕಾವಾ ಪ್ರಾಂತ್ಯದ ಹೆದ್ದಾರಿಯಲ್ಲಿ ಅವರಿದ್ದ ಕಾರು ಸಣ್ಣ ಅಪಘಾತಕ್ಕೀಡಾಯಿತು. ಏನಾಗಿದೆ ನೋಡಲು ಇಳಿದ ಯೊಕೊಯಿ ಅವರಿಗೆ ಇನ್ನೊಂದು ಕಾರು ಗುದ್ದಿತು. ಆಗ ಅವರಿಗೆ 56 ವರ್ಷ.

ಕೈಯಲ್ಲಿದ್ದ ಕೆಲಸ ಮಾತ್ರ ಅರ್ಧಕ್ಕೆ ನಿಲ್ಲಲಿಲ್ಲ. 1999ರಲ್ಲಿ ‘ವಂಡರ್‌ಸ್ವಾನ್’ ಮಾರುಕಟ್ಟೆಗೆ ಬಂತು. ಮತ್ತೆ ಕಪ್ಪು–ಬಿಳುಪು ಪರದೆ, ಕಡಿಮೆ ಬೆಲೆ. ಓಡಲು ಒಂದೇ ಒಂದು ಪೆನ್ಸಿಲ್ ಸೆಲ್ ಸಾಕು. ಅದರ ಜೊತೆಗೆ ಬಂದ ಪಜಲ್ ಆಟಕ್ಕೆ ಜೊತೆಗಾರರು ಇಟ್ಟ ಹೆಸರು ‘ಗುನ್‌ಪೇ’.

ಕೈಯಲ್ಲಿರುವ ಫೋನಿಗೆ ವರ್ಷ ತುಂಬುವ ಮೊದಲೇ ಹೊಸ ಮಾದರಿಯ ಆಸೆ ಹುಟ್ಟುವ ಕಾಲವಿದು. ಹೊಸದಿಲ್ಲ, ಹಣವಿಲ್ಲ, ಒಳ್ಳೆಯ ಕೆಲಸವಿಲ್ಲ ಎಂದು ಕೊರಗುವ ನಮ್ಮಂಥವರು, ಇಸ್ಪೀಟೆಲೆ ಯಂತ್ರದ ಪಕ್ಕದಲ್ಲಿ ಕೂತು ಆಟಿಕೆ ಮಾಡಿದ ಆ ಹುಡುಗನ ಕಥೆಯನ್ನು ಒಮ್ಮೆ ಓದಿಕೊಳ್ಳಬೇಕು.