ಗಾಲಿಗೆ ಗಾಳಿ ತುಂಬಿದ ದನದ ಡಾಕ್ಟರ್

ಕಬ್ಬಿನ ಹಂಗಾಮು ಶುರುವಾದರೆ ಸಾಕು, ನಮ್ಮ ಐಗಳಿ ಕಡೆಯ ರಸ್ತೆಗಳ ಚಹರೆಯೇ ಬದಲಾಗುತ್ತದೆ. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು, ಅವುಗಳ ನಡುವೆ ಕಬ್ಬು ಹೇರಿಕೊಂಡು ನಿಧಾನಕ್ಕೆ ಹೋಗುವ ಎತ್ತಿನ ಗಾಡಿಗಳು. ಹಿಂದೆ ಬೈಕ್ ಮೇಲೆ ಕೂತು ಓವರ್‌ಟೇಕ್ ಮಾಡಲು ಜಾಗ ಹುಡುಕುವ ನಾವು. ಒಂದು ಸಲ ಹಾಗೆ ಗಾಡಿಯ ಹಿಂದೆ ಸಿಕ್ಕಿಬಿದ್ದಾಗ ಗಮನಿಸಿದೆವು: ಎತ್ತಿನ ಗಾಡಿಗೂ ಟೈರ್, ಟ್ರ್ಯಾಕ್ಟರಿಗೂ ಟೈರ್, ನಮ್ಮ ಬೈಕಿಗೂ ಟೈರ್. ಟೈರ್ ಹಾಕಿದ ಎತ್ತಿನ ಗಾಡಿಗೆ ನಮ್ಮ ದೇಶದ ಎಷ್ಟೋ ಕಡೆ ಡನ್‌ಲಪ್ ಗಾಡಿ ಅಂತಲೇ ಹೆಸರು. ಡನ್‌ಲಪ್ ಅಂದ್ರೆ ಕಂಪನಿ ಅಂತ ಮಾತ್ರ ಗೊತ್ತಿತ್ತು. ಅದೊಬ್ಬ ಮನುಷ್ಯನ ಹೆಸರು, ಅವನು ಎಂಜಿನಿಯರ್ ಅಲ್ಲ, ದನ-ಕುದುರೆಗಳ ಡಾಕ್ಟರ್ ಅಂತ ಗೊತ್ತಾದದ್ದು ಆಮೇಲೆ. ಅದೂ ಒಂದು ಸಲ ಬಿದ್ದ ಮೇಲೆ!

ಬಿದ್ದ ಕಥೆ ಮೊದಲು ಹೇಳಿಬಿಡುತ್ತೇವೆ. ಕಳೆದ ಮಳೆಗಾಲದ ಕೊನೆಗೆ ನಾವು ಮೂವರು ಗೆಳೆಯರು ಬೆಳಗಾವಿ ದಾಟಿ ಚೋರ್ಲಾ ಘಾಟ್ ಮೇಲೆ ಗೋವಾ ಕಡೆ ಹೊರಟಿದ್ದೆವು. ಮೂರರಲ್ಲಿ ಒಂದು ಬೈಕಿನ ಹಿಂದಿನ ಟೈರ್ ನಡುಭಾಗದಲ್ಲಿ ಸವೆದು ಚಪ್ಪಟೆಯಾಗಿತ್ತು. ಹೊರಡುವ ಮುಂಚೆ ನೋಡಿದ್ದೆವು. ಇನ್ನೊಂದು ಟ್ರಿಪ್ ಆಗುತ್ತದೆ ಬಿಡು ಅಂತ ನಾವೇ ತೀರ್ಮಾನ ಮಾಡಿದ್ದೆವು. ಒದ್ದೆ ತಿರುವಿನಲ್ಲಿ ಬೈಕ್ ಮಲಗುತ್ತಿದ್ದಂತೆ ಹಿಂದಿನ ಗಾಲಿ ಜಾರಿತು. ಎದುರಿನಿಂದ ಲಾರಿ ಬರುತ್ತಿರಲಿಲ್ಲ, ಅಷ್ಟೇ ನಮ್ಮ ಪುಣ್ಯ. ಮೊಣಕೈ ಕಿತ್ತು, ಸೈಲೆನ್ಸರ್ ಉಜ್ಜಿ, ಟ್ರಿಪ್ ಅಲ್ಲಿಗೇ ಮುಗಿಯಿತು. ತಪ್ಪು ರಸ್ತೆಯದಲ್ಲ, ಮಳೆಯದಲ್ಲ. ನಮ್ಮದೇ. ಹಾಸ್ಟೆಲ್‌ಗೆ ವಾಪಸ್ ಬಂದು ಟೈರ್ ಬಗ್ಗೆ ಓದುತ್ತಾ ಹೋದಾಗ ಸಿಕ್ಕವನೇ ಈ ಜಾನ್ ಬಾಯ್ಡ್ ಡನ್‌ಲಪ್.

ರೈತನ ಮಗ

ಡನ್‌ಲಪ್ ಹುಟ್ಟಿದ್ದು 1840ರ ಫೆಬ್ರವರಿ 5ರಂದು, ಸ್ಕಾಟ್ಲೆಂಡಿನ ಡ್ರೆಗಾರ್ನ್ ಎಂಬ ಹಳ್ಳಿಯಲ್ಲಿ. ಮನೆತನದ ಕಸುಬು ಒಕ್ಕಲುತನ. ದಿನ ತುಂಬುವ ಮುಂಚೆಯೇ ಹುಟ್ಟಿದ ಕೂಸು, ಹೊಲದ ಕೆಲಸ ಇವನ ಮೈಗೆ ಒಗ್ಗುವುದಿಲ್ಲ ಅಂತ ಮನೆಯವರ ನಂಬಿಕೆ. ಹಾಗಾಗಿ ಹುಡುಗ ಹೊಲ ಬಿಟ್ಟು ಶಾಲೆ ಕಡೆ ಹೋದ. ಎಡಿನ್‌ಬರೋದಲ್ಲಿ ಪಶುವೈದ್ಯ ಕಲಿತ, 19ರ ವಯಸ್ಸಿಗೇ ಡಾಕ್ಟರಾದ. ಕೆಲವು ವರ್ಷ ಅಲ್ಲೇ ಕೆಲಸ ಮಾಡಿ 1867ರಲ್ಲಿ ಐರ್ಲೆಂಡಿಗೆ ಹೋದ. ಬೆಲ್‌ಫಾಸ್ಟ್ ಊರಿನಲ್ಲಿ ಅವನ ಪಶು ಆಸ್ಪತ್ರೆ ಬೆಳೆದು, ಐರ್ಲೆಂಡಿನಲ್ಲೇ ದೊಡ್ಡ ಆಸ್ಪತ್ರೆಗಳಲ್ಲಿ ಒಂದಾಯಿತು. 1871ರಲ್ಲಿ ಮಾರ್ಗರೆಟ್ ಎಂಬಾಕೆಯ ಜೊತೆ ಮದುವೆ. ಒಬ್ಬ ಮಗಳು, ಒಬ್ಬ ಮಗ.

ಅಂದರೆ 47ರ ವಯಸ್ಸಿನವರೆಗೂ ಈ ಮನುಷ್ಯ ಗಾಲಿ ವಿಷಯದಲ್ಲಿ ಏನೂ ಮಾಡಿರಲಿಲ್ಲ. ಆದ್ರೆ ಕುದುರೆ ಡಾಕ್ಟರ್ ಅಂದ ಮೇಲೆ ದಿನಾ ಕಲ್ಲು ಹಾಸಿದ ಬೀದಿಗಳ ಮೇಲೆ ಓಡಾಟ. ಗಟ್ಟಿ ಗಾಲಿಯ ಗಾಡಿ ಕಲ್ಲಿಂದ ಕಲ್ಲಿಗೆ ಹಾರಿದರೆ ಅದರ ಪೆಟ್ಟು ಕೂತವನ ಸೊಂಟಕ್ಕೂ ಸೇರುತ್ತದೆ, ಎಳೆಯುವ ಕುದುರೆಯ ಹೆಗಲಿಗೂ ಸೇರುತ್ತದೆ. ನಮ್ಮ ಅಜ್ಜಂದಿರು ಕಟ್ಟಿಗೆ ಗಾಲಿಗೆ ಕಬ್ಬಿಣದ ಪಟ್ಟಿ ಹೊಡೆದ ಚಕ್ಕಡಿಯಲ್ಲಿ ಅಥಣಿ ಸಂತೆಗೆ ಹೋಗಿ ಬಂದ ಅನುಭವವೂ ಇದೇ.

ಅಂಗಳದಲ್ಲಿ ನಡೆದ ಪ್ರಯೋಗ

1887ರ ಅಕ್ಟೋಬರ್. ಡನ್‌ಲಪ್‌ನ ಮಗ ಜಾನಿಗೆ ಸುಮಾರು ಹತ್ತು ವರ್ಷ. ಅವನ ಹತ್ತಿರ ಮೂರು ಗಾಲಿಯ ಸೈಕಲ್ ಇತ್ತು. ಅದರ ಗಾಲಿಗೆ ಗಟ್ಟಿ ರಬ್ಬರ್. ಬೀದಿಯಲ್ಲಿ ಓಡಿಸಿದರೆ ಹಲ್ಲು ಕಡಿಯುವಷ್ಟು ಅದುರುತ್ತಿತ್ತು. ಇದಕ್ಕೇನಾದರೂ ಮಾಡಬೇಕು ಅಂತ ಅಪ್ಪನ ತಲೆಯಲ್ಲಿ ಹೊಕ್ಕಿತು.

ಅವನು ಮಾಡಿದ್ದು ಇಷ್ಟು. ಸುಮಾರು 96 ಸೆಂ.ಮೀ. ಅಗಲದ ಕಟ್ಟಿಗೆಯ ತಟ್ಟೆ ತಗೊಂಡ. ತೆಳು ರಬ್ಬರ್ ಹಾಳೆಯಿಂದ ಕೊಳವೆ ಮಾಡಿ ಅದರ ಸುತ್ತ ಕೂಡಿಸಿದ. ಮೇಲೆ ಬಟ್ಟೆ ಸುತ್ತಿ ಮೊಳೆ ಹೊಡೆದ. ಫುಟ್‌ಬಾಲಿಗೆ ಗಾಳಿ ಹಾಕುವ ಪಂಪಿನಿಂದ ಗಾಳಿ ತುಂಬಿ ಬಾಯಿ ಕಟ್ಟಿದ. ಒಂದು ಕೈಯಲ್ಲಿ ಮಗನ ಸೈಕಲ್ಲಿನ ಗಟ್ಟಿ ಗಾಲಿ, ಇನ್ನೊಂದು ಕೈಯಲ್ಲಿ ಈ ಗಾಳಿ ಗಾಲಿ. ಎರಡನ್ನೂ ಅಂಗಳದಲ್ಲಿ ಉರುಳಿಸಿಬಿಟ್ಟ. ಗಟ್ಟಿ ಗಾಲಿ ಅಂಗಳದ ಕೊನೆ ಮುಟ್ಟುವ ಮುಂಚೆಯೇ ಬಿದ್ದುಹೋಯಿತು. ಗಾಳಿ ಗಾಲಿ ಕೊನೆಯವರೆಗೂ ಹೋಗಿ, ಗೇಟಿನ ಕಂಬಕ್ಕೆ ಡಿಕ್ಕಿ ಹೊಡೆದು ಪುಟಿಯಿತು.

ಇದರಲ್ಲಿ ನಮ್ಮ ಮೊದಲ ವರ್ಷದ ಮೆಕ್ಯಾನಿಕ್ಸ್ ಪೂರಾ ಇದೆ ನೋಡ್ರಿ. ಗಟ್ಟಿ ಗಾಲಿಗೆ ಕಲ್ಲು ಅಡ್ಡ ಬಂದರೆ ಇಡೀ ಗಾಡಿಯೇ ಮೇಲೆದ್ದು ಕೆಳಗೆ ಬೀಳಬೇಕು. ಮುಂದೆ ಹೋಗಬೇಕಾದ ಶಕ್ತಿ ಕುಣಿಯುವುದರಲ್ಲೇ ಖರ್ಚು. ಗಾಳಿ ತುಂಬಿದ ಗಾಲಿ ಕಲ್ಲು ಮುಟ್ಟಿದ ಜಾಗದಲ್ಲಿ ಮಾತ್ರ ಒಳಕ್ಕೆ ಹೋಗುತ್ತದೆ, ಕಲ್ಲು ದಾಟಿದ ಕೂಡಲೇ ಹೊರಕ್ಕೆ ಬಂದು ಹೆಚ್ಚಿನ ಶಕ್ತಿಯನ್ನು ವಾಪಸ್ ಕೊಡುತ್ತದೆ. ಅದಕ್ಕೇ ಟೈರ್ ಅಂದ್ರೆ ಬರೀ ಮೆತ್ತನೆ ಸವಾರಿಯಲ್ಲ, ಕಡಿಮೆ ದಣಿವಿನ ಸವಾರಿ.

1888ರ ಫೆಬ್ರವರಿ 28ರ ರಾತ್ರಿ ಜಾನಿ ಹೊಸ ಗಾಲಿಯ ಸೈಕಲ್ ಓಡಿಸಿ ಬಂದ. ಜುಲೈನಲ್ಲಿ ಪೇಟೆಂಟಿಗೆ ಅರ್ಜಿ, ಡಿಸೆಂಬರ್ 7ಕ್ಕೆ ಮಂಜೂರಾತಿ. ಇಲ್ಲೊಂದು ಕಾಕತಾಳೀಯ ಇದೆ. ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟದ್ದೂ ಅದೇ 1888ರಲ್ಲಿ ಎಂದು ಅವರ ಕಂಪನಿ ಲೆಕ್ಕ ಹಿಡಿಯುತ್ತದೆ. ಆಮೇಲೆ ಅವರು ಕಬ್ಬಿಣದ ನೇಗಿಲಿಗೆ, ಕಿರ್ಲೋಸ್ಕರವಾಡಿಗೆ ಹೋದರು. ಅತ್ತ ಒಬ್ಬ ದನದ ಡಾಕ್ಟರ್, ಇತ್ತ ಒಬ್ಬ ಡ್ರಾಯಿಂಗ್ ಮೇಷ್ಟ್ರು. ಇಬ್ಬರ ದಾರಿಯಲ್ಲೂ ಸೈಕಲ್ ಬಂದಿತ್ತು.

ಹೊಸ ಟೈರ್ ನೋಡಿ ಮೊದಲು ಜನ ನಕ್ಕರು. ತೆಳ್ಳನೆ ಗಟ್ಟಿ ರಬ್ಬರ್ ನೋಡಿದ ಕಣ್ಣಿಗೆ ಈ ದಪ್ಪ ಗಾಲಿ ವಿಚಿತ್ರ. 1889ರ ಮೇ 18ರಂದು ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನ ಮೈದಾನದಲ್ಲಿ ಸೈಕಲ್ ಪಂದ್ಯ. ವಿಲ್ಲಿ ಹ್ಯೂಮ್ ಎಂಬ ಸವಾರ ಗಾಳಿ ಟೈರ್ ಹಾಕಿಕೊಂಡು ಬಂದು ಇಳಿದ ಎಲ್ಲ ಪಂದ್ಯ ಗೆದ್ದುಬಿಟ್ಟ. ನಗು ನಿಂತಿತು. ಐರ್ಲೆಂಡಿನ ಸೈಕಲ್ ಸಂಘದ ಮುಖಂಡ ಹಾರ್ವೆ ಡು ಕ್ರಾಸ್‌ನ ಮಕ್ಕಳೂ ಸೈಕಲ್ ಸ್ಪರ್ಧಿಗಳೇ. ವ್ಯಾಪಾರಿ ಕಣ್ಣಿನ ಅವನು ಅದೇ ವರ್ಷ ಡಬ್ಲಿನ್‌ನಲ್ಲಿ ಟೈರ್ ಕಂಪನಿ ಕಟ್ಟಿದ. ಡನ್‌ಲಪ್ ತನ್ನ ಪೇಟೆಂಟನ್ನು ಕಂಪನಿಗೆ ಬರೆದುಕೊಟ್ಟು ಪ್ರತಿಯಾಗಿ ಷೇರು ತಗೊಂಡ.

ಪೇಟೆಂಟ್ ಹೋಯಿತು

1890ರಲ್ಲಿ ಸಿಡಿಲು ಬಡಿಯಿತು. ಡನ್‌ಲಪ್‌ನ ಪೇಟೆಂಟ್ ನಡೆಯುವುದಿಲ್ಲ ಎಂಬ ಸುದ್ದಿ ಬಂತು. ಕಾರಣ, ಇದೇ ವಿಚಾರವನ್ನು 1845ರಲ್ಲೇ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಇನ್ನೊಬ್ಬ ಸ್ಕಾಟಿಷ್ ಮನುಷ್ಯ ಪೇಟೆಂಟ್ ಮಾಡಿಸಿದ್ದ. ಆಗ ಅವನಿಗೆ 23 ವರ್ಷ, ಅಂದ್ರೆ ನಮಗಿಂತ ಒಂದೆರಡು ವರ್ಷ ದೊಡ್ಡವ. ರಬ್ಬರ್ ಲೇಪಿಸಿದ ಬಟ್ಟೆಯ ಕೊಳವೆ, ಹೊರಗೆ ಚರ್ಮದ ಕವಚ. ಚಪ್ಪಲಿಗೆ ಹೆಸರಾದ ನಮ್ಮ ಅಥಣಿಯವರಿಗೆ ತೋರಿಸಿದ್ದರೆ ಒಂದೇ ದಿನದಲ್ಲಿ ಹೊಲಿದುಕೊಡುತ್ತಿದ್ದರೇನೋ! ಕುದುರೆ ಗಾಡಿಗೆ ಹಾಕಿ ಓಡಿಸಿಯೂ ತೋರಿಸಿದ್ದ. ಆದರೆ ಆಗ ಸೈಕಲ್ ಹುಚ್ಚು ಇರಲಿಲ್ಲ, ಮೋಟಾರು ಇರಲೇ ಇಲ್ಲ. ತೆಳು ರಬ್ಬರ್ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಬೇಕು ಅನ್ನುವವರೇ ಇಲ್ಲದೆ ಆ ಟೈರ್ ಮರೆತುಹೋಯಿತು. ಥಾಮ್ಸನ್ 1873ರಲ್ಲಿ ಎಡಿನ್‌ಬರೋದಲ್ಲಿ ತೀರಿಕೊಂಡ.

ಡನ್‌ಲಪ್ ಕದ್ದನೇ? ಇಲ್ಲ. ಅವನಿಗೆ ಥಾಮ್ಸನ್‌ನ ಕೆಲಸ ಗೊತ್ತಿರಲಿಲ್ಲ, ತಾನಾಗಿಯೇ ಕಂಡುಹಿಡಿದ. ಆದರೆ ಪೇಟೆಂಟ್ ಕಾನೂನಿಗೆ ಮೊದಲು ಯಾರು ಎಂಬುದಷ್ಟೇ ಲೆಕ್ಕ. ಪ್ರಾಜೆಕ್ಟ್ ಶುರುಮಾಡುವ ಮುಂಚೆ ಲಿಟರೇಚರ್ ಸರ್ವೆ ಮಾಡಿ ಅಂತ ನಮ್ಮ ಗೈಡ್‌ಗಳು ಯಾಕೆ ಬೆನ್ನು ಹತ್ತುತ್ತಾರೆ ಅಂತ ಈಗ ತಿಳಿಯಿತು.

ಕಂಪನಿ ಮುಳುಗಲಿಲ್ಲ. ಮೊದಲಿನ ಟೈರನ್ನು ಗಾಲಿಗೆ ಅಂಟಿಸಿ ಬಟ್ಟೆ ಸುತ್ತಬೇಕಿತ್ತು. ಪಂಚರ್ ಆದರೆ ಎಲ್ಲ ಬಿಚ್ಚಬೇಕು. ವೆಲ್ಚ್ ಎಂಬುವವನು ಅಂಚಿಗೆ ತಂತಿ ಕೂಡಿಸಿ ಟೈರನ್ನು ಕಳಚಿ ಹಾಕುವಂತೆ ಮಾಡಿದ್ದ. ಬಾರ್ಟ್ಲೆಟ್ ಎಂಬುವವನ ಪೇಟೆಂಟ್ ಇನ್ನೊಂದು ಬಗೆಯದು. ಡು ಕ್ರಾಸ್ ಎರಡನ್ನೂ ಕೊಂಡ. ಇವತ್ತು ಪಂಚರ್ ಅಂಗಡಿಯಲ್ಲಿ ಲಿವರ್ ಹಾಕಿ ಎಬ್ಬಿಸುವ ಆ ಅಂಚಿನೊಳಗಿನ ತಂತಿ ಆ ಕಾಲದ ಬಳುವಳಿ. 1896ರಲ್ಲಿ ಹೂಲಿ ಎಂಬ ಸಟ್ಟಾ ವ್ಯಾಪಾರಿ ಕಂಪನಿಯನ್ನು 30 ಲಕ್ಷ ಪೌಂಡಿಗೆ ಕೊಂಡು 50 ಲಕ್ಷಕ್ಕೆ ಮಾರುಕಟ್ಟೆಗೆ ಬಿಟ್ಟ. ಡನ್‌ಲಪ್ ಅದಕ್ಕೂ ಮುಂಚೆಯೇ ಕಂಪನಿಯಿಂದ ಹೊರಬಂದಿದ್ದ. ಲೋಕವೆಲ್ಲ ಅವನ ಹೆಸರಿನ ಮೇಲೆ ಉರುಳಿತು, ಆದರೆ ದೊಡ್ಡ ದುಡ್ಡು ಬೇರೆಯವರಿಗೆ ಹೋಯಿತು. ಅವನು ಡಬ್ಲಿನ್‌ನಲ್ಲಿ ಒಂದು ಬಟ್ಟೆ ಅಂಗಡಿಯ ವ್ಯವಹಾರ ನೋಡಿಕೊಂಡು ಉಳಿದ.

ದುಡ್ಡು ಹೋದದ್ದಕ್ಕಿಂತ ಅವನಿಗೆ ಹೆಚ್ಚು ನೋವಾದದ್ದು ಬೇರೆ ಸಂಗತಿಗೆ ಅನ್ನಿಸುತ್ತದೆ ನಮಗೆ. ಉದ್ದ ಗಡ್ಡದ ಅವನ ಮುಖವೇ ಕಂಪನಿಯ ಗುರುತು. ಜಾಹೀರಾತಿನವರು ಆ ಮುಖಕ್ಕೆ ಉದ್ದನೆ ಟೋಪಿ, ಷೋಕಿ ಬಟ್ಟೆ ತೊಡಿಸಿ ಮೆರೆಯುವ ಮುದುಕನಂತೆ ಚಿತ್ರ ಬರೆಸಿದರು. ಸರಳವಾಗಿ ಬದುಕಿದ ಡಾಕ್ಟರಿಗೆ ಇದು ಅವಮಾನ ಅನ್ನಿಸಿತು. ತನ್ನ ಹೆಸರಿನ ಕಂಪನಿಯ ಮೇಲೆಯೇ ಕೇಸು ಹಾಕಿದ. ಅದರೊಳಗಿನ ಒಂದು ತಕರಾರು ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್‌ವರೆಗೂ ಹೋಯಿತು. ಡನ್‌ಲಪ್ ವಿರುದ್ಧ ಡನ್‌ಲಪ್! 1921ರ ಅಕ್ಟೋಬರ್ 23ರಂದು, 81ರ ವಯಸ್ಸಿನಲ್ಲಿ ಅವನು ಡಬ್ಲಿನ್‌ನಲ್ಲಿ ತೀರಿಕೊಂಡ. ಅವನು ಬರೆದಿಟ್ಟ ಟೈರಿನ ಇತಿಹಾಸ ಪುಸ್ತಕವಾಗಿ ಬಂದದ್ದು ಸತ್ತ ಮೇಲೆ. 1936ರಲ್ಲಿ ಅವನ ಹೆಸರಿನ ಕಾರ್ಖಾನೆ ಬಂಗಾಳದ ಸಹಾಗಂಜ್‌ನಲ್ಲಿ ಎದ್ದಿತು. ಹೆಸರು ನಮ್ಮ ಎತ್ತಿನ ಗಾಡಿಗೂ ಅಂಟಿತು.

ನಮ್ಮ ಬೈಕಿಗೆ ಅವನ ಪಾಠ

ಈಗ ನಮ್ಮ ಕಥೆಗೆ ವಾಪಸ್ ಬರೋಣ. ಓಡುವ ಬೈಕ್ ನೆಲ ಮುಟ್ಟುವುದು ಗಾಲಿಗೊಂದರಂತೆ ಎರಡು ಕಡೆ, ಒಂದೊಂದೂ ಹೆಚ್ಚುಕಡಿಮೆ ಅಂಗೈ ಅಗಲ. ಬ್ರೇಕ್, ಎಂಜಿನ್, ಎಬಿಎಸ್ ಏನೇ ಇರಲಿ, ಎಲ್ಲದರ ಜೀವ ಆ ಅಂಗೈಗಳಲ್ಲಿ.

ನಮ್ಮ ಟೈರ್ ಯಾಕೆ ನಡುವೆ ಚಪ್ಪಟೆಯಾಯಿತು? ಐಗಳಿಯಿಂದ ಅಥಣಿ, ಅಲ್ಲಿಂದ ಕಾಲೇಜು, ಎಲ್ಲ ನೇರ ರಸ್ತೆ. ನೇರ ಓಡಿದಷ್ಟೂ ನಡುಭಾಗವೇ ತಿಕ್ಕುತ್ತದೆ. ಎಂಜಿನ್ ನೂಕುವುದು ಹಿಂದಿನ ಗಾಲಿಯನ್ನು, ಲಗೇಜು, ಹಿಂದೆ ಕೂತ ಗೆಳೆಯನ ಭಾರವೂ ಅದರ ಮೇಲೇ. ಹಾಗಾಗಿ ಅದು ಬೇಗ ಸವೆಯುತ್ತದೆ. ಬಿರುಸಾಗಿ ಎತ್ತಿದರೆ, ಗಕ್ಕನೆ ಬ್ರೇಕ್ ಹೊಡೆದರೆ ಇನ್ನೂ ಬೇಗ. ದುಂಡಗಿರಬೇಕಾದ ಟೈರ್ ಚಪ್ಪಟೆಯಾದರೆ, ಬೈಕ್ ಮಲಗಿಸುವಾಗ ಅಂಚು ದಾಟಿದಂತೆ ಒಮ್ಮೆಲೆ ವಾಲುತ್ತದೆ. ಸವೆದ ಗೀರುಗಳಲ್ಲಿ ನೀರು ಹೊರಹೋಗಲು ದಾರಿಯಿಲ್ಲ. ಚೋರ್ಲಾದಲ್ಲಿ ಆದದ್ದು ಇದೇ.

ಟೈರ್ ಆರಿಸುವುದು ಒಂದು ರಾಜಿ. ಮೆತ್ತನೆ ರಬ್ಬರ್ ರಸ್ತೆಯ ಸಣ್ಣ ಸಣ್ಣ ಉಬ್ಬುತಗ್ಗಿನೊಳಗೆ ಇಳಿದು ಹಿಡಿಯುತ್ತದೆ, ಆದರೆ ಬೇಗ ಸವೆಯುತ್ತದೆ. ಗಟ್ಟಿ ರಬ್ಬರ್ ಬಾಳುತ್ತದೆ, ಆದರೆ ಮಳೆಯಲ್ಲಿ ನಂಬುವಂತಿಲ್ಲ. ಹೈವೇಯೂ ಬೇಕು, ಘಾಟಿನ ತಿರುವೂ ಬೇಕು ಅನ್ನುವವರಿಗೆ ಸ್ಪೋರ್ಟ್ ಟೂರಿಂಗ್ ಟೈರ್ ಇದೆ. ಇವುಗಳಲ್ಲಿ ಹಲವಕ್ಕೆ ನಡುವೆ ಗಟ್ಟಿ ರಬ್ಬರ್, ಎರಡೂ ಬದಿಗೆ ಮೆತ್ತನೆಯದು. ಒದ್ದೆ ರಸ್ತೆಯ ಹಿಡಿತಕ್ಕೆ ಸಿಲಿಕಾ ಸೇರಿಸಿರುತ್ತಾರೆ. ರೇಸ್ ಟೈರ್ ನಮಗೆ ಬೇಡ. ಅದು ಚೆನ್ನಾಗಿ ಬಿಸಿಯಾದಾಗ ಹಿಡಿಯುವಂಥದ್ದು, ನಮ್ಮ ದಿನದ ಓಡಾಟದಲ್ಲಿ ಅಷ್ಟು ಬಿಸಿ ಏರುವುದೇ ಇಲ್ಲ.

ಬದಿಯಲ್ಲಿ 150/60 ಆರ್17 66ಎಚ್ ಅಂತ ಬರೆದಿದ್ದರೆ: ಅಗಲ 150 ಮಿ.ಮೀ., ಎತ್ತರ ಅಗಲದ 60 ಶೇಕಡಾ, ರೇಡಿಯಲ್ ರಚನೆ, 17 ಇಂಚಿನ ರಿಮ್, 300 ಕೆ.ಜಿ. ಭಾರ, ಗಂಟೆಗೆ 210 ಕಿ.ಮೀ. ವೇಗದ ಮಿತಿ. ಅಗಲ ಟೈರ್ ಚೆಂದ ಕಾಣುತ್ತದೆ ಅಂತ ಕಂಪನಿ ಹೇಳಿದ ಅಳತೆ ಬಿಡಬೇಡಿ. ನಾಲ್ಕು ಅಂಕಿಯ ತಯಾರಿ ಗುರುತು ನೋಡಿ. 2324 ಅಂದ್ರೆ 2024ರ 23ನೇ ವಾರ. ಅಂಗಡಿಯಲ್ಲಿ ವರ್ಷಗಟ್ಟಲೆ ಕೂತ ಟೈರ್, ಗೀರು ಚೆನ್ನಾಗಿದ್ದರೂ ರಬ್ಬರ್ ಬಿರುಸಾಗಿರುತ್ತದೆ. ಬಾಣದ ಗುರುತು ತಿರುಗುವ ದಿಕ್ಕಿಗೇ ಇರಲಿ. ಗೀರಿನ ತಳದಲ್ಲಿ ಸಣ್ಣ ದಿಬ್ಬಗಳಿರುತ್ತವೆ. ಸವೆದು ಸವೆದು ಟೈರ್ ಆ ದಿಬ್ಬದ ಮಟ್ಟಕ್ಕೆ ಬಂದರೆ ಮುಗಿಯಿತು, ಇನ್ನೊಂದು ಟ್ರಿಪ್ ಇಲ್ಲ. ಹೊಸ ಟೈರ್ ಹಾಕಿಸಿದ ಮೊದಲ ನೂರಿನ್ನೂರು ಕಿ.ಮೀ. ಮೆತ್ತಗೆ ಓಡಿಸಿ, ಮೇಲಿನ ನುಣುಪು ಹೋಗಲಿ.

ಎಲ್ಲಕ್ಕಿಂತ ಅಗ್ಗದ್ದು ಗಾಳಿ. ಕಡಿಮೆಯಿದ್ದರೆ ಟೈರ್ ಸುತ್ತಿದಷ್ಟೂ ಮಡಚಿ ಬಿಸಿಯಾಗುತ್ತದೆ, ಹೆಚ್ಚಾದರೆ ನಡುಭಾಗ ಬೇಗ ತಿಕ್ಕುತ್ತದೆ. ಹೊರಡುವ ಮುಂಚೆ, ಟೈರ್ ತಣ್ಣಗಿರುವಾಗ ನೋಡಬೇಕು. ಡನ್‌ಲಪ್ ತನ್ನ ಮಗನ ಗಾಲಿಯಲ್ಲಿ ತುಂಬಿದ್ದು ಅದನ್ನೇ. ಮಗು ಅದುರದೆ ಮನೆ ಮುಟ್ಟಲಿ ಎಂಬ ಒಂದೇ ಆಸೆಯಿಂದ.

ಈಗ ನಾವು ಮೂವರೂ ಪ್ರತಿ ಟ್ರಿಪ್‌ಗೆ ಮುಂಚೆ ಕೂತು ಟೈರ್ ಸವರಿ ನೋಡುತ್ತೇವೆ. ಬರುವ ರಜೆಗೆ ಚೋರ್ಲಾ ಬಾಕಿ ಇದೆ. ಹಿಂದಿನ ಟೈರ್ ಹೊಸದು. ಮೊಣಕೈ ಕಲೆ ಮಾತ್ರ ಹಳೆಯದು.