ಲಿಪಿ ಕಲಿಸಿದ ಮೇಷ್ಟ್ರು, ಮಾತಿನಲ್ಲಿ ಗೆದ್ದ ಮಕ್ಕಳು

ಕರಾವಳಿಯಿಂದ ಘಾಟಿ ಹತ್ತಿ ಬಂದು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ನೆಲೆನಿಂತ ನಮ್ಮ ಮನೆಗಳಲ್ಲಿ ಒಂದು ಚಿಂತೆ ಇದ್ದೇ ಇದೆ. ಉಮ್ಮ ಬ್ಯಾರಿಯಲ್ಲಿ ಕೇಳಿದರೆ ಮಕ್ಕಳ ಉತ್ತರ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರುತ್ತದೆ. ಕಲಿಸೋಣ ಅಂದರೆ, ನಮಗೇ ಸರಿಯಾಗಿ ಬರಲ್ಲ, ಯಾರು ಕಲಿಸೋದು ಅಂತ ಹಿಂಜರಿಯುತ್ತೇವೆ. ನೂರು ವರ್ಷಕ್ಕೂ ಹಿಂದೆ ದಕ್ಷಿಣ ಆಫ್ರಿಕಾದಲ್ಲಿ ಇದೇ ಚಿಂತೆಗೆ ದಾರಿ ಹುಡುಕಿದವರು ಮೋಹನದಾಸ ಗಾಂಧಿ.

1869ರಲ್ಲಿ ಪೋರಬಂದರಿನಲ್ಲಿ ಹುಟ್ಟಿದ ಗಾಂಧೀಜಿ ವಕೀಲರಾಗಿ 1893ರಲ್ಲಿ ಅಲ್ಲಿಗೆ ಹೋದದ್ದು ದಾದಾ ಅಬ್ದುಲ್ಲಾ ಎಂಬ ಮೇಮನ್ ವ್ಯಾಪಾರಿಯ ಮೊಕದ್ದಮೆಗಾಗಿ. ಒಂದು ವರ್ಷದ ಕೆಲಸವೆಂದು ಹೋದವರು, ನಡುವೆ ಊರಿಗೆ ಬಂದುಹೋದರೂ, 1914ರವರೆಗೆ ಅಲ್ಲೇ ಉಳಿದರು. ಭಾರತೀಯರ ಹಕ್ಕಿಗಾಗಿ ಸತ್ಯಾಗ್ರಹ ನಡೆಯಿತು. ಜೈಲಿಗೆ ಹೋದವರ ಹೆಂಡತಿ ಮಕ್ಕಳಿಗೆ ನೆರಳು ಬೇಕಿತ್ತು. 1910ರಲ್ಲಿ ಗೆಳೆಯ ಹರ್ಮನ್ ಕಾಲೆನ್‌ಬಾಖ್ ಜೋಹಾನ್ಸ್‌ಬರ್ಗ್ ಹತ್ತಿರದ 1,100 ಎಕರೆ ಜಮೀನನ್ನು ಬಿಟ್ಟುಕೊಟ್ಟರು. ಅದೇ ಟಾಲ್‌ಸ್ಟಾಯ್ ಫಾರ್ಮ್.

ಅಲ್ಲಿದ್ದ ಹಿಂದೂ, ಮುಸ್ಲಿಂ, ಪಾರ್ಸಿ, ಕ್ರೈಸ್ತ ಮಕ್ಕಳಿಗೆ ಶಾಲೆ ಶುರುವಾಯಿತು. ಸಂಬಳದ ಮೇಷ್ಟ್ರಿಗೆ ದುಡ್ಡಿರಲಿಲ್ಲ. ಬೆಳಿಗ್ಗೆ ಹೊಲದ ಕೆಲಸ, ಮಧ್ಯಾಹ್ನ ಪಾಠ. ದಣಿದ ಮಕ್ಕಳೂ ಮೇಷ್ಟ್ರೂ ತೂಕಡಿಸುತ್ತಿದ್ದರು, ಕಣ್ಣಿಗೆ ನೀರು ಚಿಮುಕಿಸಿಕೊಂಡು ಮತ್ತೆ ಕೂರುತ್ತಿದ್ದರು. ತಮಿಳು ಮಕ್ಕಳು ಹುಟ್ಟಿದ್ದೇ ಆಫ್ರಿಕಾದಲ್ಲಿ, ತಮಿಳು ಅಕ್ಷರವೇ ಗೊತ್ತಿರಲಿಲ್ಲ. ಗಾಂಧೀಜಿಗೆ ಬರುತ್ತಿದ್ದದ್ದೂ ಹಡಗಿನಲ್ಲಿ, ಜೈಲಿನಲ್ಲಿ ಓದಿಕೊಂಡಷ್ಟು ತಮಿಳು ಮಾತ್ರ. ಆದರೂ ಅಕ್ಷರ, ವ್ಯಾಕರಣ ಕಲಿಸಿದರು. ಮಾತಿನಲ್ಲಿ ಮಕ್ಕಳೇ ಅವರನ್ನು ಮೀರಿಸುತ್ತಿದ್ದರು. ಇಂಗ್ಲಿಷ್ ಬಾರದ ತಮಿಳರು ಬಂದರೆ ಆ ಮಕ್ಕಳೇ ದುಭಾಷಿಗಳು. ತಮಗೆ ಬಾರದ್ದನ್ನು ಮೇಷ್ಟ್ರು ಮುಚ್ಚಿಡಲಿಲ್ಲ. ಮುಸ್ಲಿಂ ಹುಡುಗರಿಗೆ ಉರ್ದು ಓದುವ ರುಚಿ ಹತ್ತಿಸಿದರು, ಕೈಬರಹ ತಿದ್ದಿದರು.

ಭಾಷೆಯ ಜೊತೆ ಮನೆಯ ಆಚಾರವೂ ಉಳಿಯಬೇಕೆಂಬುದು ಅವರ ಆಸೆ. ರಮಝಾನ್ ಬಂದಾಗ ಮುಸ್ಲಿಂ ಹುಡುಗರಿಗೆ ಉಪವಾಸ ಹಿಡಿಯಲು ಹೇಳಿದರು. ಹಿಂದೂ, ಪಾರ್ಸಿ ಮಕ್ಕಳೂ ಜೊತೆಗೂಡಿದರು. ಅವರು ಸೂರ್ಯ ಮುಳುಗುವ ಮೊದಲೇ ಉಂಡು, ಉಪವಾಸ ಬಿಡುವ ಗೆಳೆಯರಿಗೆ ಬಡಿಸಲು ನಿಲ್ಲುತ್ತಿದ್ದರು.

ತಮ್ಮ ಮಕ್ಕಳ ಜೊತೆ ಗಾಂಧೀಜಿ ಗುಜರಾತಿಯಲ್ಲೇ ಮಾತಾಡುತ್ತಿದ್ದರು. ಚಿಕ್ಕಂದಿನಿಂದ ಇಂಗ್ಲಿಷ್ ಕಲಿಸದೆ ಮಕ್ಕಳ ಭವಿಷ್ಯ ಹಾಳುಮಾಡುತ್ತಿದ್ದೀರೆಂದು ಗೆಳೆಯ ಪೋಲಾಕ್ ಜಗಳವಾಡಿದರೂ ಬಗ್ಗಲಿಲ್ಲ.

ಆ ಶಾಲೆ ಮೂರು ವರ್ಷವೂ ನಡೆಯಲಿಲ್ಲ. ಆದರೆ ಅದರ ಪಾಠ ಅವರ ಜೊತೆ ಊರಿಗೆ ಬಂತು. ತಾಯ್ನುಡಿಯ ಶಿಕ್ಷಣಕ್ಕೆಂದು 1920ರಲ್ಲಿ ಅಹಮದಾಬಾದಿನಲ್ಲಿ ಗುಜರಾತ್ ವಿದ್ಯಾಪೀಠ ಕಟ್ಟಿದರು. ನಮ್ಮ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರ್ ಓದಿದ್ದು ಅಲ್ಲೇ. 1948ರ ಜನವರಿ 30ರಂದು ಗಾಂಧೀಜಿ ಗುಂಡಿಗೆ ಬಲಿಯಾದರು.

ಬ್ಯಾರಿ ಬರೆಯಲು ನಮಗೆ ಹೊಸ ಅಕ್ಷರವೂ ಬೇಡ, ಕನ್ನಡ ಲಿಪಿಯೇ ಇದೆ. ಪಂಡಿತರು ಬರಲಿ ಎಂದು ಕಾಯುವುದೇಕೆ? ಮಕ್ಕಳನ್ನು ಅಜ್ಜಿಯ ಪಕ್ಕ ಕೂರಿಸೋಣ. ನಾವೂ ಜೊತೆಗೆ ಕಲಿಯೋಣ.