ಶಾಲೆ ಕಾಣದ ಮಿಲ್ ಕೇಳಿದ ಕಾಯಿದೆ

ಮಗುವನ್ನು ಶಾಲೆಗೆ ಸೇರಿಸದೆ ಮನೆಯಲ್ಲೇ ಕಲಿಸಿದರೆ ಕಾನೂನಿನ ತೊಡಕು ಎದುರಾಗುವುದೇ ಎಂದು ಪರಿಚಯದ ಯುವ ದಂಪತಿ ಈಚೆಗೆ ನನ್ನನ್ನು ಕೇಳಿದರು. ಸರ್ಕಾರಿ ಸೇವೆಯಲ್ಲಿದ್ದವನಿಗೆ ಕಾಯಿದೆ ತಿಳಿದಿರುತ್ತದೆಂಬುದು ಅವರ ನಂಬಿಕೆ. ನನಗೆ ಮೊದಲು ನೆನಪಾದುದು ಕಾಯಿದೆಯಲ್ಲ, ಅರ್ಥಶಾಸ್ತ್ರದ ಎಂ.ಎ. ತರಗತಿಯಲ್ಲಿ ಓದಿದ ಜಾನ್ ಸ್ಟುವರ್ಟ್ ಮಿಲ್. ಶಾಲೆಯ ಮೆಟ್ಟಿಲು ಹತ್ತದೆ ಬೆಳೆದ ಆತ, ಮುಂದೆ ಕಡ್ಡಾಯ ಶಿಕ್ಷಣದ ಪರವಾಗಿ ವಾದಿಸಿದವನು.

ಮಿಲ್ ಹುಟ್ಟಿದ್ದು 1806ರಲ್ಲಿ, ಲಂಡನ್ನಿನಲ್ಲಿ. ಒಂಬತ್ತು ಮಕ್ಕಳಲ್ಲಿ ಹಿರಿಯ. ಮಕ್ಕಳನ್ನು ಶಾಲೆಗೆ ಕಳುಹಿಸಲೇಬೇಕೆಂಬ ಕಾಯಿದೆ ಆಗ ಇಂಗ್ಲೆಂಡಿನಲ್ಲಿರಲಿಲ್ಲ. ತಂದೆ ಜೇಮ್ಸ್ ಮಿಲ್ ಮೂರನೆಯ ವಯಸ್ಸಿಗೆ ಗ್ರೀಕ್, ಎಂಟನೆಯ ವಯಸ್ಸಿಗೆ ಲ್ಯಾಟಿನ್ ಆರಂಭಿಸಿದರು. ಬ್ರಿಟಿಷ್ ಇಂಡಿಯಾದ ಇತಿಹಾಸವನ್ನು ಬರೆಯುತ್ತಿದ್ದ ತಂದೆಯ ಮೇಜಿನ ಬಳಿಯೇ ಕುಳಿತು, ತಿಳಿಯದ ಪ್ರತಿ ಪದದ ಅರ್ಥವನ್ನೂ ಮಗ ಕೇಳುತ್ತಿದ್ದ. ಮುಂಜಾನೆಯ ವಾಯುವಿಹಾರದಲ್ಲಿ ಹಿಂದಿನ ದಿನ ಓದಿದ್ದನ್ನು ಚೀಟಿಗಳ ನೆರವಿನಿಂದ ಒಪ್ಪಿಸಬೇಕಿತ್ತು. ತಾನು ಕಲಿತ ಲ್ಯಾಟಿನನ್ನು ತಮ್ಮ ತಂಗಿಯರಿಗೆ ಕಲಿಸುವ ಹೊಣೆಯೂ ಅವನದೇ. ಹದಿಮೂರನೆಯ ವಯಸ್ಸಿನಲ್ಲಿ ಅರ್ಥಶಾಸ್ತ್ರ. ಆಗ ಬರೆದ ಟಿಪ್ಪಣಿಗಳೇ 1821ರಲ್ಲಿ ಪ್ರಕಟವಾದ ತಂದೆಯ ಅರ್ಥಶಾಸ್ತ್ರ ಗ್ರಂಥಕ್ಕೆ ಆಧಾರವಾದವು.

ಆದರೆ ರಜೆಯಿರಲಿಲ್ಲ, ಓರಗೆಯ ಗೆಳೆಯರಿರಲಿಲ್ಲ. ಇತರ ಹುಡುಗರ ಸಹವಾಸ ಮಗನನ್ನು ಕೆಡಿಸೀತೆಂಬುದು ತಂದೆಯ ಭಯ. 1823ರಲ್ಲಿ, ಹದಿನೇಳರ ವಯಸ್ಸಿಗೆ, ಮಿಲ್ ಈಸ್ಟ್ ಇಂಡಿಯಾ ಕಂಪನಿಯ ಕಚೇರಿ ಸೇರಿದ. ಭಾರತವನ್ನು ಎಂದೂ ಕಾಣದೆ, 1858ರವರೆಗೆ ಲಂಡನ್ನಿನಿಂದಲೇ ಇಲ್ಲಿನ ಆಡಳಿತದ ಪತ್ರಗಳನ್ನು ರಚಿಸಿದ. 1826ರಲ್ಲಿ, ಇಪ್ಪತ್ತರ ಹರೆಯದಲ್ಲಿ, ತೀವ್ರ ಖಿನ್ನತೆ ಆವರಿಸಿತು. ವಿಶ್ಲೇಷಣೆಯನ್ನೇ ಕಲಿತ ಮನಸ್ಸಿನಲ್ಲಿ ಭಾವನೆಯ ಸೆಲೆ ಬತ್ತಿತ್ತು. ಚೇತರಿಕೆಗೆ ವರ್ಡ್ಸ್‌ವರ್ತನ ಕವಿತೆಗಳು ನೆರವಾದವು. 1873ರಲ್ಲಿ, ಮರಣಾನಂತರ ಪ್ರಕಟವಾದ ಆತ್ಮಕಥೆಯಲ್ಲಿ, ತಂದೆಯ ಶಿಕ್ಷಣದಿಂದ ದೊರೆತ ಲಾಭವನ್ನೂ ಅದರಲ್ಲಿ ಕಾಣದ ಮಮತೆಯನ್ನೂ ಆತ ಒಟ್ಟಿಗೇ ದಾಖಲಿಸಿದ್ದಾನೆ.

1859ರ ‘ಆನ್ ಲಿಬರ್ಟಿ’ ಕೃತಿಯಲ್ಲಿ ಮಿಲ್ ಮಂಡಿಸಿದ ಸೂತ್ರವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಪ್ರತಿ ಮಗುವೂ ನಿರ್ದಿಷ್ಟ ಮಟ್ಟದ ಶಿಕ್ಷಣ ಪಡೆಯುವಂತೆ ಪ್ರಭುತ್ವ ಒತ್ತಾಯಿಸಲಿ. ಎಲ್ಲಿ, ಹೇಗೆ ಎಂಬುದು ಪೋಷಕರ ಆಯ್ಕೆಗಿರಲಿ. ಎಳವೆಯಿಂದಲೇ ವರ್ಷಕ್ಕೊಮ್ಮೆ ಸಾರ್ವಜನಿಕ ಪರೀಕ್ಷೆ ನಡೆಯಲಿ. ಮಗುವಿಗೆ ಓದಲು ಬಾರದಿದ್ದರೆ, ಸಕಾರಣವಿಲ್ಲದಿದ್ದಲ್ಲಿ, ತಂದೆಗೆ ಮಿತವಾದ ದಂಡ ಬೀಳಲಿ. ಬಡವರ ಶುಲ್ಕಕ್ಕೆ ಪ್ರಭುತ್ವ ನೆರವಾಗಲಿ. ಪ್ರಭುತ್ವವೇ ಎಲ್ಲರನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುವುದನ್ನು ಆತ ಒಪ್ಪಲಿಲ್ಲ. ಮಗು ತಂದೆಯ ಸ್ವತ್ತೆಂಬ ಭಾವನೆಯನ್ನೂ ಒಪ್ಪಲಿಲ್ಲ. ಇಂಗ್ಲೆಂಡಿನ 1870ರ ಶಿಕ್ಷಣ ಕಾಯಿದೆ, ಬೇರೆ ವಿಧದಲ್ಲಿ ಸಮರ್ಥ ಶಿಕ್ಷಣ ಪಡೆಯುವ ಮಗುವಿನ ಗೈರುಹಾಜರಿಯನ್ನು ಸಕಾರಣವೆಂದು ಒಪ್ಪಿತು. ಅಲ್ಲಿನ 1996ರ ಕಾಯಿದೆಯೂ ಶಾಲೆಯಲ್ಲಿ ಅಥವಾ ಅನ್ಯಥಾ ಎಂಬ ಅವಕಾಶವನ್ನು ಉಳಿಸಿಕೊಂಡಿದೆ.

ನಮ್ಮ 2009ರ ಶಿಕ್ಷಣ ಹಕ್ಕು ಕಾಯಿದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಆರರಿಂದ ಹದಿನಾಲ್ಕರ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಅದರ 10ನೆಯ ಕಲಮಿನ ಪ್ರಕಾರ ಪೋಷಕರ ಕರ್ತವ್ಯ. ತಪ್ಪಿದ ಪೋಷಕರಿಗೆ ದಂಡವನ್ನು ಅದು ವಿಧಿಸಿಲ್ಲ. ಮನೆಶಿಕ್ಷಣದ ಪ್ರಸ್ತಾಪವೇ ಅಲ್ಲಿಲ್ಲ. ಹದಿನಾಲ್ಕು ತುಂಬಿದವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಪ್ರೌಢಶಾಲಾ ಪರೀಕ್ಷೆಗೆ ಕೂರಬಹುದು. ಅದಕ್ಕೂ ಮೊದಲಿನ ವರ್ಷಗಳಲ್ಲಿ ಮನೆಯಲ್ಲಿರುವ ಮಗು ಏನು ಕಲಿಯಿತೆಂದು ಕೇಳುವವರಿಲ್ಲ.

ಶಾಲೆಗೆ ಹೋಗುವ ಮಗುವನ್ನಾದರೂ ನಾವು ಕೇಳಿದ್ದೆವೆಯೆ? ಸೇವೆಯಲ್ಲಿದ್ದಾಗ ನಾನು ಹಲವು ಶಾಲೆಗಳಿಗೆ ಭೇಟಿ ನೀಡಿದ್ದೇನೆ. ಹಾಜರಾತಿ ಪುಸ್ತಕ ನೋಡಿ, ತಲೆ ಎಣಿಸಿ, ಸಹಿ ಹಾಕಿ ಬಂದಿದ್ದೇನೆ. ಒಂದು ಮಗುವಿನ ಕೈಗೆ ಪುಸ್ತಕ ಕೊಟ್ಟು ಓದು ಎಂದದ್ದು ವಿರಳ. ಮಿಲ್ ನನ್ನ ಸ್ಥಾನದಲ್ಲಿದ್ದರೆ ಆ ಕೆಲಸವನ್ನೇ ಮೊದಲು ಮಾಡುತ್ತಿದ್ದ.

ಆ ದಂಪತಿಗೆ ಕಾಯಿದೆಯ ಸ್ಥಿತಿಯನ್ನು ಮರೆಮಾಚದೆ ತಿಳಿಸಿದೆ. ಕಲಿಕೆಯ ದಾಖಲೆ ಇಡಿ, ವರ್ಷಕ್ಕೊಮ್ಮೆ ಹೊರಗಿನ ಶಿಕ್ಷಕರೊಬ್ಬರಿಂದ ಪರೀಕ್ಷೆ ಮಾಡಿಸಿ ಎಂದೆ. ಸಂಜೆ ಬೀದಿಯ ಮಕ್ಕಳೊಡನೆ ಆಡಲು ಬಿಡಿ ಎಂದೂ ಸೇರಿಸಿದೆ. ಈ ಕೊನೆಯ ಮಾತು ಯಾವ ಕಾಯಿದೆಯಲ್ಲೂ ಇಲ್ಲ. ಮಿಲ್‌ನ ಬಾಲ್ಯದಲ್ಲೂ ಇರಲಿಲ್ಲ.